ಗ್ಯಾಲಕ್ಸಿಯ ಬಾವಿಗೆ ಬಗ್ಗಿ ನೋಡುವುದು ಹೇಗೆ?

ನಮ್ಮ ಉಡುಪಿ ಕಡೆ ಜಾಗ ಕೊಳ್ಳಲು ಹೋದವರು ಮನೆಯ ಗೋಡೆಗಿಂತ ಮೊದಲು ಬಾವಿಯನ್ನು ನೋಡುತ್ತಾರೆ. ಅನುಭವಸ್ಥರಾದರೆ ಬೇಕೆಂದೇ ಮೇ ತಿಂಗಳಲ್ಲಿ ಹೋಗುತ್ತಾರೆ. ಮಳೆಗಾಲದಲ್ಲಿ ಎಲ್ಲರ ಬಾವಿಯೂ ತುಂಬಿರುತ್ತದೆ. ಒರತೆ ಯಾರ ಬಾವಿಯಲ್ಲಿದೆ ಎಂಬುದು ಬೇಸಗೆಯಲ್ಲೇ ತಿಳಿಯುವುದು. ಗ್ಯಾಲಕ್ಸಿಯ ಚಿತ್ರವನ್ನೂ ಹೀಗೆಯೇ ನೋಡಬೇಕು ಎಂಬುದು ನನ್ನ ವಾದ. ಹೊಳೆಯುವ ನಕ್ಷತ್ರಗಳಿಗೆ ಎಲ್ಲರೂ ಮರುಳಾಗುತ್ತಾರೆ, ಆದರೆ ಅವು ಈಗಾಗಲೇ ಕಟ್ಟಿ ಮುಗಿದ ಮನೆ. ಅಲ್ಲಿ ಇನ್ನು ಮುಂದೆ ಏನಾದರೂ ಹುಟ್ಟುತ್ತದೆಯೇ ಎಂಬುದನ್ನು ಹೇಳುವುದು ಅನಿಲ, ಅದರಲ್ಲೂ ತಣ್ಣನೆಯ ಜಲಜನಕ.

ಒಂದು ಸಣ್ಣ ಲೆಕ್ಕ ಮನಸ್ಸಿನಲ್ಲಿರಲಿ. ನಮ್ಮ ನೆರೆಹೊರೆಯ ಸುರುಳಿ ಗ್ಯಾಲಕ್ಸಿಗಳು ತಮ್ಮಲ್ಲಿರುವ ಅಣುರೂಪದ ಜಲಜನಕವನ್ನು ಈಗಿನ ವೇಗದಲ್ಲೇ ನಕ್ಷತ್ರಗಳಾಗಿ ಮಾಡುತ್ತಾ ಹೋದರೆ ಸುಮಾರು 200 ಕೋಟಿ ವರ್ಷಗಳಲ್ಲಿ ದಾಸ್ತಾನು ಖಾಲಿ. ಆದರೆ ಅವು ಸಾವಿರ ಕೋಟಿ ವರ್ಷಗಳಿಂದ ನಕ್ಷತ್ರ ಹುಟ್ಟಿಸುತ್ತಲೇ ಬಂದಿವೆ. ಅಂದರೆ ಹೊರಗಿನಿಂದ ಹೊಸ ಅನಿಲ ಬಂದು ಸೇರುತ್ತಿರಲೇಬೇಕು. ಆ ಒರತೆ ಹೇಗಿದೆ, ಯಾರಾದರೂ ತಡೆದಿದ್ದಾರೆಯೇ ಎಂದು ಒಂದು ಚಿತ್ರದಿಂದಲೇ ಊಹಿಸುವ ಬಗೆ ಮುಂದಿದೆ. ಬೇಕಾಗಿರುವುದು ಮೊಬೈಲ್ ಅಥವಾ ಕಂಪ್ಯೂಟರ್ ಮತ್ತು ಆಕಾಶದ ದೊಡ್ಡ ಭಾಗವನ್ನು ಚಿತ್ರಿಸಿಟ್ಟ ಸ್ಲೋನ್ ಡಿಜಿಟಲ್ ಸ್ಕೈ ಸರ್ವೆಯ ಚಿತ್ರಗಳು. ಅವು ಉಚಿತ.

ಮೊದಲು ಬಣ್ಣ

ಚಿತ್ರದಲ್ಲಿ ನೀಲಿ ಎಲ್ಲಿದೆ ಎಂದು ಹುಡುಕಿ. ನೀಲಿ ಬೆಳಕು ಕೊಡುವುದು ಭಾರಿ ತೂಕದ, ಬಹಳ ಬಿಸಿಯಾದ ನಕ್ಷತ್ರಗಳು. ಅವು ಶುದ್ಧ ದುಂದುಗಾರರು. ಸೂರ್ಯನ ಆಯುಸ್ಸು ಸುಮಾರು ಸಾವಿರ ಕೋಟಿ ವರ್ಷವಾದರೆ ಇವು ಕೆಲವೇ ಕೋಟಿ ವರ್ಷಗಳೊಳಗೆ ಉರಿದು ಮುಗಿಯುತ್ತವೆ. ಹಾಗಾಗಿ ನೀಲಿ ಕಂಡಲ್ಲಿ ಇತ್ತೀಚೆಗೆ ಹೆರಿಗೆಯಾಗಿದೆ, ಅನಿಲ ಇದೆ ಎಂದು ತಿಳಿಯಿರಿ. ಬರಿಯ ಹಳದಿ, ಕೆಂಪು ಮಾತ್ರ ಉಳಿದಿದ್ದರೆ ಅದು ಹಳೆಯ ನಕ್ಷತ್ರಗಳ ಊರು.

ಇಲ್ಲಿ ನಾನೇ ಎಡವಿದ್ದೇನೆ. ಎನ್‌ಜಿಸಿ 891 ಎಂಬ ಗ್ಯಾಲಕ್ಸಿಯ ಕಂದು ಬಣ್ಣ ನೋಡಿ ಮಕ್ಕಳ ಎದುರು “ಇದು ಮುದಿ ಗ್ಯಾಲಕ್ಸಿ” ಎಂದು ಘೋಷಿಸಿಬಿಟ್ಟೆ. ಹೈಸ್ಕೂಲಿನ ಹುಡುಗಿಯೊಬ್ಬಳು “ಸರ್, ನಡುವೆ ಕಪ್ಪು ಪಟ್ಟಿ ಇದೆಯಲ್ಲ, ಅದೇನು?” ಎಂದಳು. ಅದು ಧೂಳು. ಆ ಗ್ಯಾಲಕ್ಸಿ ನಮಗೆ ಅಂಚಿನಿಂದ ಕಾಣುತ್ತದೆ, ಧೂಳಿನ ಪದರ ಒಳಗಿನ ನೀಲಿಯನ್ನೆಲ್ಲ ನುಂಗಿಬಿಡುತ್ತದೆ. ಧೂಳು ಇದ್ದಲ್ಲಿ ಸಾಮಾನ್ಯವಾಗಿ ಅನಿಲವೂ ಇರುತ್ತದೆ. ಆದ್ದರಿಂದ ಕೆಂಪು ಕಂಡ ಕೂಡಲೇ ತೀರ್ಪು ಕೊಡಬೇಡಿ.

ಆಮೇಲೆ ಆಕಾರ

ಅನಿಲದ ಮೋಡಗಳು ಒಂದಕ್ಕೊಂದು ಬಡಿದು ಶಕ್ತಿ ಕಳೆದುಕೊಂಡು ತಟ್ಟೆಯಂತೆ ಚಪ್ಪಟೆಯಾಗಿ ಸುತ್ತುತ್ತವೆ. ತಟ್ಟೆ ಮತ್ತು ಸುರುಳಿ ತೋಳುಗಳಿದ್ದರೆ ಅನಿಲದ ಕೈವಾಡ ಇನ್ನೂ ನಡೆದಿದೆ. ತಟ್ಟೆ ಇದ್ದು ತೋಳು ಮಾಯವಾಗಿದ್ದರೆ ಅದು ಮಸೂರಾಕಾರದ ಗ್ಯಾಲಕ್ಸಿ. ತಟ್ಟೆಯೂ ಇಲ್ಲದೆ ಉಂಡೆಯಂತಿದ್ದರೆ ದೀರ್ಘವೃತ್ತದ್ದು.

ಮೂರನೆಯದು ವಿಳಾಸ

ಈಗ ಚಿತ್ರವನ್ನು ಚಿಕ್ಕದಾಗಿಸಿ ಅಕ್ಕಪಕ್ಕ ನೋಡಿ. ಒಂಟಿ ಮನೆಯೋ, ನಾಲ್ಕಾರು ಮನೆಗಳ ಹಳ್ಳಿಯೋ, ಜನ ಕಿಕ್ಕಿರಿದ ಪೇಟೆಯೋ? 1980ರಲ್ಲಿ ಅಲನ್ ಡ್ರೆಸ್ಲರ್ ಎಂಬ ಖಗೋಳಜ್ಞ 55 ಗ್ಯಾಲಕ್ಸಿ ಗುಚ್ಛಗಳಲ್ಲಿನ, ಅಂದರೆ ಗ್ಯಾಲಕ್ಸಿಗಳ ದೊಡ್ಡ ಪೇಟೆಗಳಲ್ಲಿನ, ಸುಮಾರು 6,000 ಗ್ಯಾಲಕ್ಸಿಗಳನ್ನು ಎಣಿಸಿ ತೋರಿಸಿದ್ದು ಇದನ್ನೇ. ದಟ್ಟಣೆ ಹೆಚ್ಚಿದಷ್ಟೂ ಸುರುಳಿಗಳು ಕಡಿಮೆಯಾಗುತ್ತವೆ, ಮಸೂರಾಕಾರದವೂ ದೀರ್ಘವೃತ್ತದವೂ ಹೆಚ್ಚುತ್ತವೆ. ನಮ್ಮ ಮನೆಯ ಅಂಗಳದಲ್ಲೂ ಇದೇ ಕಥೆ. ಕ್ಷೀರಪಥದ ಸಮೀಪ ಸುತ್ತುವ ಕುಬ್ಜ ಗ್ಯಾಲಕ್ಸಿಗಳಲ್ಲಿ ಅನಿಲ ಬಹುತೇಕ ಇಲ್ಲವೇ ಇಲ್ಲ. ಮೆಗೆಲಾನಿಕ್ ಮೋಡಗಳೆಂಬ ಎರಡು ಗ್ಯಾಲಕ್ಸಿಗಳು ಮಾತ್ರ ಇನ್ನೂ ಅನಿಲ ಉಳಿಸಿಕೊಂಡಿವೆ. ಅವುಗಳಿಂದಲೂ ಉದ್ದನೆಯ ಅನಿಲದ ಹರಿವೊಂದು ಹೊರಗೆ ಚಾಚಿಕೊಂಡಿದೆ.

ಹಳ್ಳಿಗೂ ಪೇಟೆಗೂ ಇನ್ನೊಂದು ವ್ಯತ್ಯಾಸವಿದೆ. ಸಣ್ಣ ಗುಂಪಿನಲ್ಲಿ ಗ್ಯಾಲಕ್ಸಿಗಳು ನಿಧಾನವಾಗಿ ಓಡಾಡುವುದರಿಂದ ಒಂದನ್ನೊಂದು ಸೆಳೆದು ಬೆರೆತು ಒಂದೇ ಆಗುತ್ತವೆ. ದೊಡ್ಡ ಗುಚ್ಛದಲ್ಲಿ ವೇಗ ಸೆಕೆಂಡಿಗೆ ಸಾವಿರ ಕಿಲೋಮೀಟರ್ ಆಸುಪಾಸು. ಹೆದ್ದಾರಿಯಲ್ಲಿ ಎದುರುಬದುರಾಗುವ ಎಕ್ಸ್‌ಪ್ರೆಸ್ ಬಸ್ಸುಗಳ ಹಾಗೆ, ಹತ್ತಿರ ಬಂದರೂ ಪರಿಚಯವಾಗುವಷ್ಟು ಹೊತ್ತು ಸಿಗುವುದಿಲ್ಲ. ಹಾಗಾದರೆ ಅಲ್ಲಿ ಅನಿಲ ಕದಿಯುವವರು ಯಾರು?

ಗಾಳಿ ಹೊಡೆದ ಗುರುತು

ಉಡುಪಿಯಿಂದ ಮಂಗಳೂರಿಗೆ ಸ್ಕೂಟರಿನಲ್ಲಿ ಹೋಗುವವರ ಶಾಲು ಹಿಂದಕ್ಕೆ ಹಾರುವುದನ್ನು ನೋಡಿದ್ದೀರಿ. ಒಂದೆಲೆಯೂ ಅಲುಗದ ದಿನದಲ್ಲೂ ಹಾರುತ್ತದೆ, ಏಕೆಂದರೆ ಗಾಳಿ ಹುಟ್ಟಿಸುವುದು ಸ್ಕೂಟರಿನ ವೇಗ. ಗುಚ್ಛದೊಳಗೆ ಗ್ಯಾಲಕ್ಸಿಗಳ ನಡುವಿನ ಜಾಗ ಖಾಲಿಯಲ್ಲ. ಕೋಟಿಗಟ್ಟಲೆ ಡಿಗ್ರಿ ಬಿಸಿಯಾದ ಅನಿಲ ಅಲ್ಲಿ ತುಂಬಿದೆ. ತುಂಬಿದೆ ಎಂದರೂ ಒಂದು ಲೀಟರಿನ ಬಾಟಲಿಯಷ್ಟು ಜಾಗದಲ್ಲಿ ಒಂದೋ ಎರಡೋ ಕಣ ಇರಬಹುದು, ಅಷ್ಟೇ. ಆದರೆ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಹೊಡೆತ ನಾಲ್ಕು ಪಟ್ಟು. ಈ ಲೆಕ್ಕವನ್ನು 1972ರಲ್ಲೇ ಜೇಮ್ಸ್ ಗನ್ ಮತ್ತು ರಿಚರ್ಡ್ ಗಾಟ್ ಬರೆದಿಟ್ಟರು.

ನಕ್ಷತ್ರಗಳು ಗಟ್ಟಿ ಗುಂಡುಗಳಿದ್ದಂತೆ, ಈ ಗಾಳಿಗೆ ಜಗ್ಗುವುದಿಲ್ಲ. ಹಾರಿಹೋಗುವುದು ಅನಿಲ ಮಾತ್ರ. ಆದ್ದರಿಂದ ಚಿತ್ರದಲ್ಲಿ ಹುಡುಕಬೇಕಾದ ಗುರುತು ಸ್ಪಷ್ಟ: ನಕ್ಷತ್ರಗಳ ತಟ್ಟೆ ನೆಟ್ಟಗಿದ್ದು ಧೂಳು ಮತ್ತು ಅನಿಲ ಮಾತ್ರ ಒಂದೇ ಕಡೆಗೆ ಬಾಗಿರಬೇಕು. ಕನ್ಯಾ ಗುಚ್ಛದಲ್ಲಿ ಎಂ86 ಎಂಬ ಗ್ಯಾಲಕ್ಸಿಯ ಪಕ್ಕ ಕಾಣುವ ಎನ್‌ಜಿಸಿ 4402 ಇದಕ್ಕೆ ಒಳ್ಳೆಯ ಪಾಠ, ಅದರ ಧೂಳಿನ ಅಂಚು ಗಾಳಿಗೆ ಮಡಚಿಕೊಂಡಂತಿದೆ. ಇನ್ನಷ್ಟು ನಾಟಕೀಯವಾದದ್ದು ಬೇಕಾದರೆ ಇಎಸ್‌ಒ 137-001 ಎಂಬ ಗ್ಯಾಲಕ್ಸಿಯನ್ನು ಅಂತರ್ಜಾಲದಲ್ಲಿ ಹುಡುಕಿ. ಅದರ ಹಿಂದೆ ನೀಲಿ ಎಳೆಗಳು ತೇಲುತ್ತಿವೆ. ಕಿತ್ತುಹೋದ ಅನಿಲದಲ್ಲೇ ನಕ್ಷತ್ರಗಳು ಹುಟ್ಟಿವೆ! ಇಂಥವುಗಳಿಗೆ ಲೋಳೆಮೀನು ಗ್ಯಾಲಕ್ಸಿ ಎಂದೇ ಹೆಸರು. ಬಾಲ ಎತ್ತ ಚಾಚಿದೆಯೋ ಅದರ ವಿರುದ್ಧ ದಿಕ್ಕಿಗೆ ಸವಾರಿ ಹೊರಟಿದೆ ಎಂದು ಅಂದಾಜು ಮಾಡಬಹುದು.

ಬಾಲವೇ ಇಲ್ಲದಿದ್ದರೆ?

ಎಲ್ಲ ಬಾವಿಗಳನ್ನೂ ಪಂಪು ಇಟ್ಟು ಬರಿದು ಮಾಡುವುದಿಲ್ಲ. ಕೆಲವಕ್ಕೆ ಒರತೆ ನಿಲ್ಲುತ್ತದೆ, ಅಷ್ಟೇ. ಗ್ಯಾಲಕ್ಸಿ ದೊಡ್ಡ ಗುಂಪಿನೊಳಗೆ ಬಿದ್ದಾಗ ಸುತ್ತಲಿನ ತೆಳು ಅನಿಲದ ಪೂರೈಕೆ ಕಡಿದುಹೋಗುತ್ತದೆ. ಒಳಗಿದ್ದದ್ದು ನಿಧಾನವಾಗಿ ಖರ್ಚಾಗುತ್ತದೆ. ಇದರ ಸುಳಿವು ನಕ್ಷತ್ರಗಳ ರಾಸಾಯನಿಕದಲ್ಲಿದೆ. ಹೊಸ ನೀರು ಬಾರದ ಬಾವಿಯ ತಳ ರಾಡಿಯಾಗುವಂತೆ, ಹೊಸ ಜಲಜನಕ ಬಂದು ತೆಳುವಾಗಿಸದಿದ್ದರೆ ಉಳಿದ ಅನಿಲದಲ್ಲಿ ಕಬ್ಬಿಣದಂಥ ಭಾರವಾದ ಧಾತುಗಳ ಪಾಲು ಏರುತ್ತದೆ, ಅದರಿಂದ ಹುಟ್ಟಿದ ನಕ್ಷತ್ರಗಳಲ್ಲೂ ಅದು ಕಾಣುತ್ತದೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ದಾರಿಯನ್ನೇ ಹಿಡಿದು, ನಕ್ಷತ್ರ ಹುಟ್ಟು ನಿಂತ ಗ್ಯಾಲಕ್ಸಿಗಳಲ್ಲಿ ಬಹುಪಾಲು ಹೀಗೆ ಉಸಿರುಗಟ್ಟಿಯೇ ನಿಂತವು ಎಂದಿತು. ಅದಕ್ಕೆ ಹಿಡಿದ ಕಾಲ ಸರಾಸರಿ 400 ಕೋಟಿ ವರ್ಷ.

ಕಣ್ಣಿಗೆ ಕಾಣದ ನಕ್ಷೆ

ತಣ್ಣನೆಯ ಜಲಜನಕದ ಪರಮಾಣು 21 ಸೆಂಟಿಮೀಟರ್ ಅಲೆಯುದ್ದದ ರೇಡಿಯೊ ಅಲೆ ಹೊರಡಿಸುತ್ತದೆ. 1951ರಲ್ಲಿ ಇದನ್ನು ಮೊದಲ ಬಾರಿ ಹಿಡಿದರು. ಎಂ81, ಎಂ82 ಮತ್ತು ಎನ್‌ಜಿಸಿ 3077 ಎಂಬ ನೆರೆಹೊರೆಯ ಗ್ಯಾಲಕ್ಸಿಗಳ ಸಾಮಾನ್ಯ ಚಿತ್ರ ನೋಡಿದರೆ ಮೂರೂ ಬೇರೆ ಬೇರೆ ಮನೆಗಳು. ರೇಡಿಯೊ ನಕ್ಷೆಯಲ್ಲಿ ನೋಡಿದರೆ ಮೂರಕ್ಕೂ ನಡುವೆ ಜಲಜನಕದ ಸೇತುವೆಗಳಿವೆ. ಎಂ82ರಲ್ಲಿ ನಕ್ಷತ್ರಗಳು ಇಷ್ಟು ಅವಸರದಲ್ಲಿ ಹುಟ್ಟುತ್ತಿರುವುದಕ್ಕೆ ಈ ಎಳೆದಾಟವೇ ಕಾರಣ. ಕನ್ಯಾ ಗುಚ್ಛದ ನಡುಭಾಗದ ಸುರುಳಿಗಳಲ್ಲಿಯೂ ಇಂಥ ನಕ್ಷೆಗಳು ಬೇರೆಯೇ ಕಥೆ ಹೇಳುತ್ತವೆ. ಜಲಜನಕದ ತಟ್ಟೆ ಸಾಮಾನ್ಯವಾಗಿ ನಕ್ಷತ್ರಗಳ ತಟ್ಟೆಗಿಂತ ಅಗಲ, ಅಲ್ಲಿ ಮಾತ್ರ ಸುತ್ತಲೂ ಕತ್ತರಿಸಿದಂತೆ ಕಿರಿದು.

ಪುಣೆಯ ಬಳಿಯ ಖೋಡದ್‌ನಲ್ಲಿ 45 ಮೀಟರ್ ಅಗಲದ 30 ಬೋಗುಣಿಗಳ ರೇಡಿಯೊ ದೂರದರ್ಶಕ ಜಿಎಂಆರ್‌ಟಿ ಇದೆ. ಅದರಿಂದ 2020ರಲ್ಲಿ ನಮ್ಮ ದೇಶದ ವಿಜ್ಞಾನಿಗಳು ಸುಮಾರು 800 ಕೋಟಿ ವರ್ಷ ಹಿಂದಿನ 7,653 ಗ್ಯಾಲಕ್ಸಿಗಳ ಸಂಕೇತಗಳನ್ನು ಒಟ್ಟು ಸೇರಿಸಿ ಜಲಜನಕ ಅಳೆದರು. ಆಗಿನ ಖರ್ಚಿನ ವೇಗಕ್ಕೆ ಆ ದಾಸ್ತಾನು 100–200 ಕೋಟಿ ವರ್ಷಕ್ಕೆ ಮಾತ್ರ ಸಾಕಾಗುತ್ತಿತ್ತು. ಹೊರಗಿನಿಂದ ಬರುವ ಅನಿಲ ಆ ಖರ್ಚಿಗೆ ಸಾಲದೆ ಹೋದದ್ದರಿಂದಲೇ ವಿಶ್ವದಲ್ಲಿ ನಕ್ಷತ್ರಗಳ ಹುಟ್ಟು ಆಮೇಲೆ ಇಳಿಮುಖವಾಗಿರಬಹುದು.

ನೆರೆಯವರನ್ನೇ ದೂರಬೇಡಿ

ಎಲ್ಲ ತಪ್ಪನ್ನೂ ವಿಳಾಸದ ಮೇಲೆ ಹೊರಿಸುವುದು ಸುಲಭ, ಆದರೆ ಸರಿಯಲ್ಲ. ಒಂಟಿಯಾಗಿದ್ದೂ ಕೆಂಪಾದ ಗ್ಯಾಲಕ್ಸಿಗಳಿವೆ, ಅವು ಸಾಮಾನ್ಯವಾಗಿ ಭಾರಿ ತೂಕದವು. ತೂಕ ಮಿತಿಮೀರಿದಾಗ ಒಳಗೆ ಬೀಳುವ ಅನಿಲ ಕಾದು ತಣಿಯದೆ ಉಳಿಯುತ್ತದೆ. ನಡುವಿನ ಕಪ್ಪುಕುಳಿಯೂ ಅದನ್ನು ಕಾಯಿಸುತ್ತಲೇ ಇರುತ್ತದೆ. ಒಂಟಿಯಲ್ಲದಿದ್ದರೂ ಭಾರಿ ತೂಕದ್ದೇ ಆದ, ಕನ್ಯಾ ಗುಚ್ಛದ ನಡುವಿನ ಗ್ಯಾಲಕ್ಸಿ ಎಂ87ರ ಕಪ್ಪುಕುಳಿ 650 ಕೋಟಿ ಸೂರ್ಯರ ತೂಕದ್ದು, ಅದರಿಂದ ಚಿಮ್ಮುವ ಧಾರೆ ಸಾವಿರಾರು ಜ್ಯೋತಿರ್ವರ್ಷ ಉದ್ದ. ಮಾಲಿನ್ 1 ಎಂಬ ಗ್ಯಾಲಕ್ಸಿಯದು ಇದಕ್ಕೆ ತದ್ವಿರುದ್ಧ. ಅದರಲ್ಲಿ ಸಾವಿರಾರು ಕೋಟಿ ಸೂರ್ಯರಷ್ಟು ಜಲಜನಕವಿದೆ, ಆದರೆ ಅಗಲಕ್ಕೆ ಹರಡಿ ತೆಳುವಾಗಿರುವುದರಿಂದ ನಕ್ಷತ್ರ ಹುಟ್ಟುವುದು ತೀರಾ ಮಂದ. ಬಾವಿ ತುಂಬಿದ್ದರೂ ಸೇದುವವರಿಲ್ಲ.

ಕೊನೆಗೆ ತಾರಸಿ

ಎಂ87 ಕರಾವಳಿಯ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ, ಮಂಗಳೂರಿನಲ್ಲಿ ನಡುನೆತ್ತಿಯಿಂದ ಅರ್ಧ ಡಿಗ್ರಿಯಷ್ಟೇ ಆಚೆ. ಮೇ ಮೊದಲ ವಾರ ರಾತ್ರಿ ಹತ್ತರ ಸುಮಾರಿಗೆ ತಾರಸಿಯ ಮೇಲೆ ಚಾಪೆ ಹಾಸಿ ಮಲಗಿ. ಸಿಂಹದ ಬಾಲದಲ್ಲಿರುವ ಉತ್ತರಾ ನಕ್ಷತ್ರವನ್ನು ಹುಡುಕಿ. ಉತ್ತರೆ ಮಳೆ ಎಂದು ನಾವು ಲೆಕ್ಕ ಹಾಕುವುದು ಇದರ ಹೆಸರಿನಲ್ಲೇ. ಅಲ್ಲಿಂದ ಪೂರ್ವಕ್ಕೆ ಸರಿದರೆ ಕನ್ಯಾ ಗುಚ್ಛ, 5.4 ಕೋಟಿ ಜ್ಯೋತಿರ್ವರ್ಷ ದೂರ. ಬರಿಗಣ್ಣಿಗೆ ಏನೂ ಕಾಣದು. ನಾಲ್ಕು ಇಂಚಿನ ದೂರದರ್ಶಕಕ್ಕೆ ಎಂ87 ಮಸುಕು ಚುಕ್ಕೆಯಂತೆ ಸಿಗುತ್ತದೆ. ಪೇಟೆಯ ದೀಪ ಬಿಟ್ಟು ಕಾರ್ಕಳದ ಆಚೆಗೆ ಹೋದರೆ ಎಂ84, ಎಂ86 ಕೂಡ. ಜೂನ್‌ನಲ್ಲಿ ಮೋಡ ಕಟ್ಟುವ ಮೊದಲು ಮುಗಿಸಿಕೊಳ್ಳಿ. ಆಮೇಲೆ ಪಿಲಿಕುಳದ ತಾರಾಲಯ, ಇಲ್ಲವೇ ಮೊಬೈಲ್ ಪರದೆಯೇ ಗತಿ.