‘ಗತ್ತೊ’ ಕಲಿಯಲು ‘ಗತ್ತು’ ಸಾಕು

ಇಟಾಲಿಯನ್ ಭಾಷೆಯಲ್ಲಿ ಬೆಕ್ಕಿಗೆ ‘ಗತ್ತೊ’ ಎನ್ನುತ್ತಾರೆ. ಬರೆಯುವುದು ಜಿ, ಎ, ಟಿ, ಟಿ, ಓ. ಇಂಗ್ಲಿಷ್ ಓದಿದ ಕಣ್ಣು ಇದನ್ನು ‘ಗ್ಯಾಟೋ’ ಎಂದುಬಿಡುತ್ತದೆ. ಕನ್ನಡದಿಂದ ಹೊರಟರೆ ದಾರಿ ಹತ್ತಿರ.

ಮೊದಲು ಉಚ್ಚಾರಣೆ. ‘ಗತ್ತು’ ಎಂದು ಹೇಳಿ ನೋಡಿ. ನಾಲಿಗೆಯ ತುದಿ ಹಲ್ಲಿಗೆ ತಾಗಿತಲ್ಲ, ಇಟಲಿಯವರ ‘ತ’ ಹುಟ್ಟುವುದೂ ಅಲ್ಲೇ. ಅವರ ಭಾಷೆಗೆ ‘ಟ’ ಇಲ್ಲ. ಈಗ ಕೊನೆಯ ‘ಉ’ ತೆಗೆದು ‘ಒ’ ಹಾಕಿ. ‘ಗ’ಕ್ಕೆ ‘ಆ’ ಎನ್ನುವಷ್ಟು ಬಾಯಿ ತೆರೆಯಬೇಕು, ಎಳೆಯಬಾರದು. ಬಲ ಬೀಳುವುದೂ ಅದರ ಮೇಲೆಯೇ. ಒತ್ತಕ್ಷರ ಬಿಟ್ಟು ‘ಗಾತೊ’ ಎಂದರೆ ಬೆಕ್ಕು ಸ್ಪೇನಿಗೆ ಹೋಗುತ್ತದೆ. ಕತೆಗೂ ಕತ್ತೆಗೂ ಇರುವ ವ್ಯತ್ಯಾಸ ಬಲ್ಲವರಿಗೆ ಇದು ಕಷ್ಟವಲ್ಲ.

ನಾವು ಎಡವುವುದು ಲಿಂಗದಲ್ಲಿ. ಕನ್ನಡದ ಬೆಕ್ಕು ನಪುಂಸಕಲಿಂಗ. ಇಟಾಲಿಯನ್‌ನಲ್ಲಿ ಆ ಲಿಂಗವೇ ಇಲ್ಲ. ಗಂಡು ‘ಇಲ್ ಗತ್ತೊ’, ಹೆಣ್ಣು ‘ಲಾ ಗತ್ತಾ’; ಈ ‘ಇಲ್’, ‘ಲಾ’ ಇಂಗ್ಲಿಷಿನ ‘ದಿ’ (the) ಇದ್ದಂತೆ. ಬಹುವಚನದಲ್ಲಿ ‘ಇ ಗತ್ತಿ’, ‘ಲೆ ಗತ್ತೆ’. ಯಾವುದೆಂದು ತಿಳಿಯದಿದ್ದರೆ ‘ಗತ್ತೊ’ ಎಂದರಾಯಿತು. ಬಣ್ಣ ಹೆಸರಿನ ನಂತರ ಬರುತ್ತದೆ, ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ: ಕರಿ ಬೆಕ್ಕು ‘ಗತ್ತೊ ನೇರೊ’, ಹೆಣ್ಣಾದರೆ ‘ಗತ್ತಾ ನೇರಾ’. ‘ನನ್ನ ಬೆಕ್ಕು’ ಎನ್ನಲು ‘ಮೀಯೊ ಗತ್ತೊ’ ಸಾಲದು, ‘ಇಲ್ ಮೀಯೊ ಗತ್ತೊ’ ಎನ್ನಬೇಕು. ಆ ‘ಇಲ್’, ‘ಲಾ’ ಕನ್ನಡದಲ್ಲಿ ಇಲ್ಲದ್ದರಿಂದ ಬಾಯಿಂದ ಜಾರಿಹೋಗುತ್ತವೆ. ಪದವನ್ನು ಅವುಗಳ ಸಮೇತವೇ ಬಾಯಿಪಾಠ ಮಾಡಿ.

ಇನ್ನು ವಾಕ್ಯ. ‘ಒ ಉನ್ ಗತ್ತೊ’ ಎಂದರೆ ನನ್ನ ಹತ್ತಿರ ಒಂದು ಬೆಕ್ಕಿದೆ. ಬರೆಯುವಾಗ ಮೊದಲಿಗೆ ಎಚ್ ಇರುತ್ತದೆ, ಓದುವಾಗ ಅದಕ್ಕೆ ದನಿಯಿಲ್ಲ. ‘ಮಿ ಪಿಯಾಚ್ಚೊನೊ ಇ ಗತ್ತಿ’ ಎಂದರೆ ನನಗೆ ಬೆಕ್ಕುಗಳೆಂದರೆ ಇಷ್ಟ. ಇದರ ಹೆಣಿಗೆ ನಮ್ಮದೇ: ‘ಮಿ’ ಎಂಬುದು ‘ನನಗೆ’. ಇಂಗ್ಲಿಷಿನಂತೆ ‘ನಾನು’ ಎಂದು ಶುರುಮಾಡಿದರೆ ವಾಕ್ಯ ಕೆಡುತ್ತದೆ. ಒಂದೇ ಬೆಕ್ಕಾದರೆ ಕ್ರಿಯಾಪದ ‘ಪಿಯಾಚೆ’ ಆಗುತ್ತದೆ.

ಇಷ್ಟು ಕೂತ ಮೇಲೆ ನುಡಿಗಟ್ಟು. ಸಭೆಗೆ ಬಂದವರು ಬೆರಳೆಣಿಕೆಯಷ್ಟು ಎನ್ನಲು ‘ಚೆರನೊ ಕ್ವತ್ತ್ರೊ ಗತ್ತಿ’, ಅಂದರೆ ನಾಲ್ಕು ಬೆಕ್ಕುಗಳಿದ್ದವು. ಏನೋ ಮಸಲತ್ತು ನಡೆದಿದೆ ಎನ್ನಲು ‘ಕ್ವಿ ಗತ್ತಾ ಚಿ ಕೋವಾ’: ಇಲ್ಲಿ ಬೆಕ್ಕು ಕಾವಿಗೆ ಕೂತಿದೆ. ಇದರಲ್ಲಿ ಹೆಣ್ಣುಬೆಕ್ಕೇ ಬರಬೇಕು, ‘ಗತ್ತೊ’ ಹಾಕಿದರೆ ನುಡಿಗಟ್ಟು ಮುರಿಯುತ್ತದೆ. ಬೀದಿಬೆಕ್ಕುಗಳಿಗೆ ಊಟ ಹಾಕುವಾಕೆಗೆ ‘ಗತ್ತಾರಾ’ ಎಂಬ ಹೆಸರೇ ಇದೆ; ರೋಮ್‌ನ ಲಾರ್ಗೊ ದಿ ತೊರ್ರೆ ಅರ್ಜೆಂತೀನಾದ ಪುರಾತನ ಅವಶೇಷಗಳ ನಡುವಿನ ಬೆಕ್ಕುಗಳು ಬದುಕಿರುವುದು ಇಂಥವರಿಂದಲೇ. ಮಗು ಅಂಬೆಗಾಲಿಟ್ಟರೆ ‘ಗತ್ತೊನಾರೆ’.