ಆರು ಕಾಲಿನ ರೋಬೋಗೆ ಪವರ್ ಸಪ್ಲೈ: 12 ವೋಲ್ಟ್ ಒಯ್ದು 6ಕ್ಕೆ ಇಳಿಸಿದ ಬಗೆ

ಆರು ಕಾಲು, ಕಾಲಿಗೆ ಮೂರರಂತೆ 18 ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟರ್), ಎಲ್ಲವೂ ಎಂಜಿ 996 ಆರ್ ಮಾದರಿಯವು. ಇಂಥ ರೋಬೋಗೆ ಎಷ್ಟು ಆಂಪಿಯರ್ ಸಪ್ಲೈ ಬೇಕು ಎಂದು ಎಲ್ಲರೂ ಮೊದಲು ಕೇಳುತ್ತಾರೆ. ನಾನು ಲೆಕ್ಕ ಶುರು ಮಾಡಿದ್ದು ಇನ್ನೊಂದು ತುದಿಯಿಂದ. ರೋಬೋ ತನ್ನ ಭಾರ ಎತ್ತಿ ಏಳುವ ಕ್ಷಣದಲ್ಲಿ ಸರ್ವೋದ ಪಿನ್ನಿನಲ್ಲಿ ಎಷ್ಟು ವೋಲ್ಟ್ ಉಳಿದಿರಬೇಕು? ನಾನು ಸುಮಾರು 6 ಎಂದು ಗೊತ್ತುಮಾಡಿಕೊಂಡೆ. ಸಪ್ಲೈ, ವೈರು, ಫ್ಯೂಸ್ ಎಲ್ಲವನ್ನೂ ಆರಿಸಿದ್ದು ಆ ಒಂದು ಅಂಕಿಗಾಗಿ.

ಈ ಸರ್ವೋಗೆ 4.8ರಿಂದ 7.2 ವೋಲ್ಟ್‌ವರೆಗೆ ಕೊಡಬಹುದು. ಡೇಟಾಶೀಟ್ ಪ್ರಕಾರ 4.8ರಲ್ಲಿ ಇದರ ಬಲ 9.4 ಕೆ.ಜಿ.-ಸೆಂ.ಮೀ., 6ರಲ್ಲಿ 11. ಅಲುಗಾಡದಂತೆ ಸಿಕ್ಕಿಕೊಂಡರೆ 6 ವೋಲ್ಟಿನಲ್ಲಿ ಒಂದೊಂದೂ 2.5 ಆಂಪಿಯರ್ ಎಳೆಯುತ್ತದೆ, 18ಕ್ಕೆ 45 ಆಂಪಿಯರ್. ಆದರೆ 18 ಸರ್ವೋಗಳೂ ಒಟ್ಟಿಗೆ ಸಿಕ್ಕಿಕೊಳ್ಳುವ ಪರಿಸ್ಥಿತಿ ನಡಿಗೆಯಲ್ಲಿ ಬರುವುದಿಲ್ಲ. ಮೂರು ಕಾಲು ನೆಲದಲ್ಲಿ, ಮೂರು ಗಾಳಿಯಲ್ಲಿ ಇರುವ ನಡಿಗೆಯಲ್ಲಿ ಭಾರ ಹೊರುವುದು ಒಂಬತ್ತೇ ಸರ್ವೋ. ಹಾಗಾಗಿ 45 ಆಂಪಿಯರ್ ಸಪ್ಲೈ ಕೊಳ್ಳುವ ಮೊದಲು ಅಳೆದು ನೋಡಬೇಕು.

ಅಳತೆಗೆ ಎಮರ್ಜೆನ್ಸಿ ಲೈಟಿನಲ್ಲಿರುವಂಥ 6 ವೋಲ್ಟ್ ಬ್ಯಾಟರಿಗಳು ಸಾಕು. ಒಂದೇ ಬಗೆಯ ಎರಡು ಹೊಸ ಬ್ಯಾಟರಿಗಳನ್ನು ಪೂರ್ತಿ ಚಾರ್ಜ್ ಮಾಡಿ ಪ್ಯಾರಲೆಲ್ ಜೋಡಿಸಿದೆ. ಮೈನಸ್ ವೈರಿನ ನಡುವೆ 50 ಆಂಪಿಯರ್, 75 ಮಿಲಿವೋಲ್ಟಿನ ಶಂಟ್ (ಹರಿಯುವ ಕರೆಂಟಿಗೆ ತಕ್ಕಂತೆ ಸಣ್ಣ ವೋಲ್ಟೇಜು ತೋರಿಸುವ ಲೋಹದ ಪಟ್ಟಿ) ಹಾಕಿ, ಅದರ ಎರಡು ಸ್ಕ್ರೂಗಳ ಮೇಲೆ ಮಲ್ಟಿಮೀಟರನ್ನು ಮಿಲಿವೋಲ್ಟ್ ರೇಂಜಿನಲ್ಲಿ, ಮ್ಯಾಕ್ಸ್ ಹೋಲ್ಡ್ (ಬಂದ ಅತಿ ಹೆಚ್ಚಿನ ಅಂಕಿಯನ್ನು ಹಿಡಿದಿಡುವ ಗುಂಡಿ) ಒತ್ತಿ ಇಟ್ಟೆ. ಮೀಟರ್ 30 ಮಿಲಿವೋಲ್ಟ್ ತೋರಿಸಿದರೆ 20 ಆಂಪಿಯರ್ ಹರಿಯುತ್ತಿದೆ ಎಂದರ್ಥ. ಮೀಟರಿನ 10 ಆಂಪಿಯರ್ ತೂತಿಗೆ ಈ ಕೆಲಸ ಹಚ್ಚಬೇಡಿ, ಒಳಗಿನ ಫ್ಯೂಸ್ ಹೋಗುತ್ತದೆ. ಎಲೆಕ್ಟ್ರಿಷಿಯನ್ನರ ಕೈಯಲ್ಲಿರುವ ಅಗ್ಗದ ಕ್ಲ್ಯಾಂಪ್ ಮೀಟರುಗಳು ಎಸಿ ಮಾತ್ರ ಅಳೆಯುತ್ತವೆ. ಡಿಸಿ ವೈರಿಗೆ ಹಾಕಿದರೆ ಸೊನ್ನೆ ತೋರಿಸುತ್ತವೆ, ಅದನ್ನು ನಂಬಿದರೆ ಲೆಕ್ಕವೆಲ್ಲ ಕೆಡುತ್ತದೆ.

ನನ್ನ ರೋಬೋದಲ್ಲಿ ನಡಿಗೆಗೆ 9ರಿಂದ 12 ಆಂಪಿಯರ್, ಕೂತಲ್ಲಿಂದ ಏಳುವಾಗ 22ರ ಹತ್ತಿರ ಬಂತು. ಕಾಲುಗಳಿಗೆ ಒಟ್ಟಿಗೆ ಆಜ್ಞೆ ಕೊಡದೆ ಒಂದೊಂದು ಕಾಲಿಗೂ 80 ಮಿಲಿಸೆಕೆಂಡ್ ಅಂತರ ಕೊಟ್ಟಾಗ ಏಳುವಾಗಿನ ಅಂಕಿ 16ಕ್ಕೆ ಇಳಿಯಿತು. ಪ್ರೋಗ್ರಾಮಿನಲ್ಲಿ ಎರಡು ಸಾಲು ಸೇರಿಸಿದರೆ 6 ಆಂಪಿಯರ್ ಉಳಿಯುತ್ತದೆ, ಕಾಸು ಖರ್ಚಿಲ್ಲ. ಸಪ್ಲೈ ಕೊಳ್ಳುವ ಮೊದಲು ಇದನ್ನು ಮಾಡಿಕೊಳ್ಳಿ. 16ರ ಮೇಲೆ ತುಸು ಹೆಚ್ಚಿಗೆ ಹಿಡಿದು ಕೊನೆಗೆ ನಾನು ನಿಂತದ್ದು 6 ವೋಲ್ಟಿನಲ್ಲಿ 20 ಆಂಪಿಯರ್, ಅಂದರೆ 120 ವಾಟ್ ಎಂಬ ಲೆಕ್ಕಕ್ಕೆ.

ಮುಂದಿನ ಪ್ರಶ್ನೆ, ಈ 120 ವಾಟನ್ನು ಯಾವ ವೋಲ್ಟೇಜಿನಲ್ಲಿ ರೋಬೋವರೆಗೆ ಒಯ್ಯುವುದು. 5 ವೋಲ್ಟ್ 40 ಆಂಪಿಯರಿನ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಕಡಿಮೆ ವೋಲ್ಟಿನ ಡಿಸಿಗೆ ಇಳಿಸುವ ಸಪ್ಲೈ) ಸುಲಭವಾಗಿ ಸಿಗುತ್ತದೆ, ಆದರೆ ಅದರ ವೋಲ್ಟೇಜು ಹೊಂದಿಸುವ ಟ್ರಿಮ್ ಸ್ಕ್ರೂ ಸಾಮಾನ್ಯವಾಗಿ 5.5ಕ್ಕಿಂತ ಮೇಲೆ ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ವೈರಿನದು. 1.5 ಎಸ್‌ಕ್ಯೂಎಂಎಂ (ಚದರ ಮಿಲಿಮೀಟರ್) ತಾಮ್ರದ ಎಳೆವೈರಿಗೆ ಕಿಲೋಮೀಟರಿಗೆ ಸುಮಾರು 13.3 ಓಮ್ ರೆಸಿಸ್ಟೆನ್ಸ್. ರೋಬೋ ಓಡಾಡಲು 2 ಮೀಟರ್ ವೈರು ಬಿಟ್ಟರೆ ಹೋಗಿ ಬರುವ ದಾರಿ 4 ಮೀಟರ್. 20 ಆಂಪಿಯರ್ ಹರಿದಾಗ ವೈರಿನಲ್ಲೇ 1 ವೋಲ್ಟಿಗಿಂತ ಹೆಚ್ಚು ಕರಗುತ್ತದೆ. ಸಪ್ಲೈಯಲ್ಲಿ 5 ಇದ್ದರೆ ಸರ್ವೋಗೆ ಸಿಗುವುದು 4ರ ಹತ್ತಿರ. 6 ಎಸ್‌ಕ್ಯೂಎಂಎಂ ವೈರು ಹಾಕಿದರೆ ನಷ್ಟ ಕಾಲು ವೋಲ್ಟಿಗೆ ಇಳಿಯುತ್ತದೆ ನಿಜ, ಆದರೆ ಅಷ್ಟು ದಪ್ಪ ವೈರು ರೋಬೋವನ್ನೇ ಹಿಂದಕ್ಕೆ ಜಗ್ಗುತ್ತದೆ.

ಆದ್ದರಿಂದ 12 ವೋಲ್ಟಿನಲ್ಲಿ ಒಯ್ದು ರೋಬೋದ ಬೆನ್ನ ಮೇಲೆ 6ಕ್ಕೆ ಇಳಿಸಿದೆ. ಬಳ್ಳಾರಿ ಹತ್ತಿರದ ಕುಡತಿನಿಯ ವಿದ್ಯುತ್ ಸ್ಥಾವರದಿಂದ ಕರೆಂಟನ್ನು ಭಾರೀ ವೋಲ್ಟೇಜಿನಲ್ಲಿ ಸಾಗಿಸಿ ಊರ ಹತ್ತಿರ ಇಳಿಸುವುದೂ ಇದೇ ಕಾರಣಕ್ಕೆ. ಹೀಗೆ ವೋಲ್ಟೇಜು ಇಳಿಸುವ ಬಕ್ ಕನ್ವರ್ಟರಿನ ದಕ್ಷತೆ ನೂರಕ್ಕೆ 90 ಎಂದು ಹಿಡಿದರೆ ವೈರಿನಲ್ಲಿ ಹರಿಯುವುದು 11 ಆಂಪಿಯರ್ ಮಾತ್ರ. 2.5 ಎಸ್‌ಕ್ಯೂಎಂಎಂ ವೈರಿನಲ್ಲಿ 0.35 ವೋಲ್ಟ್ ಬಿದ್ದರೂ ಸರ್ವೋಗೆ ಅದು ತಟ್ಟುವುದಿಲ್ಲ, ಬಕ್ ತನ್ನ 6 ವೋಲ್ಟನ್ನು ಹಿಡಿದೇ ಇರುತ್ತದೆ. ಒಂದೇ ಜಾಗದಲ್ಲಿ ನಿಲ್ಲುವ ರೋಬೋ ತೋಳಾದರೆ ಈ ಸುತ್ತು ಬೇಡ. ಸಪ್ಲೈ ಮೇಜಿನ ಕೆಳಗೇ ಇಟ್ಟು ಅರ್ಧ ಮೀಟರ್ ದಪ್ಪ ವೈರಿನಲ್ಲಿ 5 ವೋಲ್ಟ್ ನೇರ ಕೊಡಬಹುದು.

ಹಳೆ ಕಂಪ್ಯೂಟರಿನ ಎಸ್‌ಎಂಪಿಎಸ್ ಆಗದೇ? ಹಸಿರು ವೈರನ್ನು ಕಪ್ಪಿಗೆ ತಾಗಿಸಿದರೆ ಅದು ಶುರುವಾಗುತ್ತದೆ. ಆದರೆ ಹಳೆಯ ಮಾದರಿಗಳಲ್ಲಿ 5 ಮತ್ತು 12 ವೋಲ್ಟ್ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಒಂದರ ಮೇಲಷ್ಟೇ ಲೋಡ್ ಬಿದ್ದರೆ ಇನ್ನೊಂದು ಏರುತ್ತದೆ. ಸರ್ವೋದಂಥ ಕುಣಿಯುವ ಲೋಡಿಗೆ ನಾನು ಅದನ್ನು ಬಳಸಲಿಲ್ಲ.

12 ವೋಲ್ಟ್ ಸಪ್ಲೈ ಆರಿಸುವಾಗ ನಮ್ಮ ಬಳ್ಳಾರಿಯ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಏಪ್ರಿಲ್-ಮೇನಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ, ತಗಡಿನ ಶೀಟಿನ ಕೋಣೆಯೊಳಗೆ ಇನ್ನೂ ಹೆಚ್ಚು. ಡಬ್ಬಿಯೊಳಗೆ ಕೂರಿಸಿದ ಎಸ್‌ಎಂಪಿಎಸ್ ಸುತ್ತಲಿನ ಗಾಳಿ ಸುಲಭವಾಗಿ 50 ಮುಟ್ಟುತ್ತದೆ. ಬಹುತೇಕ ಎಸ್‌ಎಂಪಿಎಸ್‌ಗಳ ಡೇಟಾಶೀಟಿನ ಡೀರೇಟಿಂಗ್ ಗ್ರಾಫಿನಲ್ಲಿ (ಬಿಸಿ ಏರಿದಂತೆ ಎಷ್ಟು ಲೋಡ್ ಕೊಡಬಹುದೆಂದು ತೋರಿಸುವುದು) ಗೆರೆ ಕೆಳಗೆ ಬಾಗುವುದು ಅಲ್ಲಿಂದಲೇ, 70 ಡಿಗ್ರಿಗೆ ಬರುವಷ್ಟರಲ್ಲಿ ಅರ್ಧದ ಹತ್ತಿರ ಇಳಿದಿರುತ್ತದೆ. ಒಳಗಿನ ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನ ಆಯುಷ್ಯವೂ ಸುಮಾರು ಪ್ರತಿ 10 ಡಿಗ್ರಿಗೆ ಅರ್ಧವಾಗುತ್ತ ಹೋಗುತ್ತದೆ. ಬಕ್‌ನ ನಷ್ಟವೂ ಸೇರಿ 135 ವಾಟಿನ ಕೆಲಸಕ್ಕೆ ನಾನು 350 ವಾಟ್, 29 ಆಂಪಿಯರಿನದನ್ನು ತಂದದ್ದು ಇದಕ್ಕಾಗಿಯೇ. ಸೀಸಿಟೀವಿ, ಎಲ್‌ಇಡಿ ಸ್ಟ್ರಿಪ್ ಸಾಮಾನು ಮಾರುವ ಅಂಗಡಿಗಳಲ್ಲಿ ಈ ಅಳತೆಯದು ಸಿಗುತ್ತದೆ. ಡೇಟಾಶೀಟೇ ಇಲ್ಲದ ಮಾಲಾದರೆ ಲೇಬಲ್ ಮೇಲಿನ ಆಂಪಿಯರಿನ ಅರ್ಧವನ್ನಷ್ಟೇ ನಂಬಿ.

ಇನ್‌ಪುಟ್ ಕಡೆಯೂ ನೋಡಬೇಕು. ಕೆಲವದರ ಪಕ್ಕದಲ್ಲಿ 115/230 ಎಂಬ ಸಣ್ಣ ಕೆಂಪು ಸ್ವಿಚ್ ಇರುತ್ತದೆ. ಅದು 115ರಲ್ಲಿದ್ದಾಗ ನಮ್ಮ ಕರೆಂಟು ಕೊಟ್ಟರೆ ಒಳಗಿನ ಕೆಪಾಸಿಟರು ಪಟ್ಟೆಂದು ಸಿಡಿಯುತ್ತದೆ. 230ರಲ್ಲಿಟ್ಟರೂ ಇಂಥವಕ್ಕೆ ಕನಿಷ್ಠ 180 ವೋಲ್ಟ್ ಬೇಕು. ಪಂಪ್‌ಸೆಟ್ ಲೈನಿನ ಹಳ್ಳಿಗಳಲ್ಲಿ ವೋಲ್ಟೇಜು ಅದಕ್ಕಿಂತ ಕೆಳಗಿಳಿಯುವುದುಂಟು. ಅಂಥ ಕಡೆ 85ರಿಂದ 264 ಎಂದು ಬರೆದ, ಸ್ವಿಚ್ ಇಲ್ಲದ ಮಾದರಿಯೇ ಸರಿ. ಅರ್ತಿಂಗ್ ಬಿಡಬೇಡಿ. ಅರ್ತ್ ಇಲ್ಲದ ಎಸ್‌ಎಂಪಿಎಸ್‌ನ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ.

ಬೆನ್ನ ಮೇಲೆ ಎರಡು ಬಕ್ ಮಾಡ್ಯೂಲ್, ಒಂದೊಂದಕ್ಕೆ ಮೂರು ಕಾಲು. ಎಲ್‌ಎಂ 2596 ಚಿಪ್ಪಿನ ಸಣ್ಣ ಮಾಡ್ಯೂಲಿಗೆ 3 ಆಂಪಿಯರೇ ಮಿತಿ, ಅದು ಇಲ್ಲಿಗೆ ಸಾಲದು. ನಾನು ಹಾಕಿದ್ದು 20 ಆಂಪಿಯರ್ ಎಂದು ಮಾರುವ 300 ವಾಟಿನವು, ಕೆಲಸ 10 ಆಂಪಿಯರಿನದು. ಅವುಗಳ ಮೇಲೆ ಎರಡು ನೀಲಿ ಟ್ರಿಮ್ ಇರುತ್ತವೆ, ಒಂದು ವೋಲ್ಟೇಜಿಗೆ, ಇನ್ನೊಂದು ಕರೆಂಟ್ ಮಿತಿಗೆ. ಸರ್ವೋ ಸಿಕ್ಕಿಸುವ ಮೊದಲೇ ಮೀಟರ್ ಹಿಡಿದು, ಕಾಲಿನವರೆಗಿನ ವೈರಿನಲ್ಲಿ ಕರಗುವುದನ್ನು ಲೆಕ್ಕಕ್ಕೆ ಹಿಡಿದು ತುಸು ಹೆಚ್ಚಾಗಿ 6.2 ವೋಲ್ಟಿಗೆ ತಿರುಗಿಸಿ, ಟ್ರಿಮ್ ಸ್ಕ್ರೂ ಮೇಲೆ ಉಗುರುಬಣ್ಣದ ಒಂದು ಹನಿ ಬಿಡಬೇಕು, ಇಲ್ಲವಾದರೆ ಕಾಲಿನ ಅದುರಿಗೆ ಅದು ಸರಿದುಬಿಡುತ್ತದೆ. ಕರೆಂಟ್ ಟ್ರಿಮ್ ಕಡಿಮೆಯಿದ್ದರೆ ಎದ್ದು ನಿಲ್ಲುವಾಗ ವೋಲ್ಟೇಜು ಕುಸಿಯುತ್ತದೆ, ಬಕ್ ಕೆಟ್ಟಿದೆ ಎಂದೇ ಅನಿಸುತ್ತದೆ. ಅದನ್ನು ಮೇಲಕ್ಕೇರಿಸಿ ರಕ್ಷಣೆಯನ್ನು ಫ್ಯೂಸಿಗೆ ಬಿಡಿ. ಈ ದಾರಿಯ ಅಪಾಯವನ್ನೂ ಹೇಳಬೇಕು: ಬಕ್‌ನ ಮಾಸ್ಫೆಟ್ (ಒಳಗಿನ ಸ್ವಿಚ್ಚು) ಶಾರ್ಟಾದರೆ 12 ವೋಲ್ಟ್ ನೇರ ಸರ್ವೋಗೆ ನುಗ್ಗುತ್ತದೆ. ಮಾಡ್ಯೂಲನ್ನು ಅರ್ಧ ಸಾಮರ್ಥ್ಯದಲ್ಲಿ ದುಡಿಸುವುದು, ಹೀಟ್‌ಸಿಂಕಿನ ಮೇಲೆ ಸಣ್ಣ ಫ್ಯಾನ್ ಇಡುವುದು ಇದರಿಂದಾಗಿಯೇ.

ಎರಡು ಬಕ್‌ಗಳ ಪ್ಲಸ್ ಒಂದಕ್ಕೊಂದು ಸೇರಬಾರದು, ಸೇರಿದರೆ ತುಸು ಹೆಚ್ಚು ವೋಲ್ಟೇಜಿನದೇ ಭಾರವನ್ನೆಲ್ಲ ಹೊರುತ್ತದೆ. ಇಲ್ಲಿ ಕಾಣದ ಕೊಂಡಿಯೊಂದಿದೆ. ಸರ್ವೋಗಳಿಗೆ ಆಜ್ಞೆಯ ಸಿಗ್ನಲ್ ಕಳಿಸುವ ಪಿಸಿಎ 9685 ಬೋರ್ಡಿನ 16 ಸರ್ವೋ ಸಾಲುಗಳ ನಡುಪಿನ್ ಎಲ್ಲ ಒಂದೇ ತಾಮ್ರದ ಪಟ್ಟಿಗೆ ಜೋಡಿಸಿರುತ್ತವೆ. ಸರ್ವೋ ಪ್ಲಗ್ಗುಗಳನ್ನು ಹಾಗೇ ಅಲ್ಲಿ ಚುಚ್ಚಿದರೆ ಎರಡೂ ಬಕ್ ಸೇರಿಹೋಗುತ್ತವೆ, ಆ ತೆಳು ಪಟ್ಟಿಗೆ 20 ಆಂಪಿಯರ್ ತಾಳುವ ಶಕ್ತಿಯೂ ಇಲ್ಲ. ಬೋರ್ಡಿನಿಂದ ಸಿಗ್ನಲ್ ಮತ್ತು ಗ್ರೌಂಡ್ ಮಾತ್ರ ತೆಗೆದುಕೊಂಡು, ಪ್ಲಸ್ಸನ್ನು ಬಕ್‌ನಿಂದ ಕಾಲುಕಾಲಿಗೆ ಬೇರೆ ವೈರಿನಲ್ಲಿ ಕೊಟ್ಟೆ. 18 ಸರ್ವೋಗೆ ಇಂಥ ಬೋರ್ಡು ಎರಡು ಬೇಕು. ಮೈನಸ್ ಎಲ್ಲವೂ ಬಕ್‌ಗಳ ಬಳಿ ಒಂದೇ ಬೋಲ್ಟಿಗೆ ಬಂದು ಸೇರಬೇಕು. ಮೈನಸ್ ದಾರಿ ತೆಳುವಾದರೆ ಅಲ್ಲೇ ಅರ್ಧ ವೋಲ್ಟ್ ಏರಿ, ಸಿಗ್ನಲ್ ಕಲಸಿ ಸರ್ವೋ ನಡುಗುತ್ತದೆ.

ಫ್ಯೂಸಿಗೆ, ಲಗ್ಗಿಗೆ ಆನ್‌ಲೈನ್ ಕಾಯಬೇಕಿಲ್ಲ. ಅದಿರು ಲಾರಿಗಳು ಓಡಾಡುವ ಈ ಊರಲ್ಲಿ ಆಟೊ ಎಲೆಕ್ಟ್ರಿಕಲ್ ಅಂಗಡಿಗಳಿಗೆ ಕೊರತೆಯಿಲ್ಲ. ಬ್ಲೇಡ್ ಫ್ಯೂಸ್, ಹೋಲ್ಡರ್, ವೈರಿಗೆ ಲಗ್ ಒತ್ತಿಕೊಡುವ ಕೆಲಸ ಎಲ್ಲ ಅಲ್ಲೇ ಆಗುತ್ತದೆ. 12 ವೋಲ್ಟ್ ಪ್ಲಸ್ಸಿಗೆ 20 ಆಂಪಿಯರಿನದು ಒಂದು, ಕಾಲಿಗೊಂದರಂತೆ 5 ಆಂಪಿಯರಿನವು ಆರು. ಕಾಲಿನ ಮೂರೂ ಸರ್ವೋ ಸಿಕ್ಕಿಕೊಂಡರೆ 7.5 ಆಂಪಿಯರ್ ಆಗುತ್ತದೆ. ಬ್ಲೇಡ್ ಫ್ಯೂಸ್ ಕ್ಷಣದ ಏರಿಕೆಯನ್ನು ತಾಳಿಕೊಂಡು, ಹಾಗೇ ಸಿಕ್ಕಿಕೊಂಡು ಉಳಿದರೆ ಹಾರುತ್ತದೆ.

ಪ್ರತಿ ಬಕ್‌ನ ಔಟ್‌ಪುಟ್ಟಿಗೆ 16 ವೋಲ್ಟಿನ, ಒಳಗಿನ ರೆಸಿಸ್ಟೆನ್ಸ್ ಕಡಿಮೆಯಿರುವ 2200 ಮೈಕ್ರೋಫ್ಯಾರಡ್ ಲೋ-ಇಎಸ್‌ಆರ್ ಕೆಪಾಸಿಟರ್ ಒಂದು. ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಹತ್ತಾರು ಸಾವಿರ ಹಾಕಿದರೆ ಆನ್ ಮಾಡಿದ ಕೂಡಲೇ ಅವು ತುಂಬಿಕೊಳ್ಳುವ ಭರಕ್ಕೆ ಸಪ್ಲೈ ಆಫ್-ಆನ್ ಆಗುತ್ತ ಟಿಕ್ ಟಿಕ್ ಎನ್ನತೊಡಗಬಹುದು. ಮೈಕ್ರೋಕಂಟ್ರೋಲರಿಗೆ 12 ವೋಲ್ಟಿನಿಂದಲೇ ಬೇರೆ 5 ವೋಲ್ಟ್ 3 ಆಂಪಿಯರಿನ ಬಕ್ ಕೊಡಿ. ರಾಸ್ಪ್‌ಬೆರಿ ಪೈ 4.63 ವೋಲ್ಟಿಗಿಂತ ಕೆಳಗಿಳಿದರೆ ಎಚ್ಚರಿಕೆ ತೋರಿಸುತ್ತದೆ. ಸರ್ವೋ ಸಾಲಿನಿಂದಲೇ ಅದಕ್ಕೂ ಎಳೆದರೆ ಕಾಲೆತ್ತಿದಾಗಲೆಲ್ಲ ರೀಸೆಟ್ ಆಗುವ ಭಯ.

ಎಲ್ಲ ಜೋಡಿಸಿದ ಮೇಲೆ ಬಕ್‌ನಿಂದ ಅತಿ ದೂರದ ಸರ್ವೋದ ಪ್ಲಗ್ಗಿನಲ್ಲಿ ಮೀಟರಿನ ಮಿನ್ ಹೋಲ್ಡ್ ಇಟ್ಟು ರೋಬೋವನ್ನು ಎಬ್ಬಿಸಿ. 5.8ಕ್ಕಿಂತ ಮೇಲಿದ್ದರೆ ಸರಿ. ಕೆಳಗಿದ್ದರೆ ಬಕ್ ಬಾಯಲ್ಲೂ ಅಳೆಯಿರಿ. ಅಲ್ಲಿ 6.2 ಇದ್ದರೆ ದೋಷ ವೈರಿನದು ಅಥವಾ ಸಡಿಲ ಸ್ಕ್ರೂವಿನದು, ಬೆರಳಿಟ್ಟು ನೋಡಿದರೆ ಬಿಸಿಯಾದ ಜಾಗವೇ ಹೇಳುತ್ತದೆ.

12 ವೋಲ್ಟ್ ಬರುವ ಜಾಗದಲ್ಲಿ ಎಕ್ಸ್‌ಟಿ 60 ಕನೆಕ್ಟರ್ ಹಾಕಿದ್ದರಿಂದ ವೈರು ಕಿತ್ತು 3 ಸೆಲ್ಲಿನ ಲಿಪೋ ಬ್ಯಾಟರಿ ಸಿಕ್ಕಿಸಿದರೆ ಬೇರೇನೂ ಬದಲಿಸದೆ ರೋಬೋ ನಡೆಯುತ್ತದೆ. 12.6ರಿಂದ 9.9 ವೋಲ್ಟಿಗೆ ಇಳಿಯುವವರೆಗೂ ಬಕ್ 6.2 ಕೊಡುತ್ತಲೇ ಇರುತ್ತದೆ, ಆದ್ದರಿಂದ ಬ್ಯಾಟರಿ ಸೋತದ್ದು ನಡಿಗೆಯಲ್ಲಿ ಗೊತ್ತಾಗುವುದಿಲ್ಲ. ಬ್ಯಾಟರಿಯ ಬ್ಯಾಲೆನ್ಸ್ ಪ್ಲಗ್ಗಿಗೆ ಸೆಲ್ಲಿಗೆ 3.3 ವೋಲ್ಟಿನಲ್ಲಿ ಕೂಗುವ ಬಜರ್ ಚುಚ್ಚಿಡಿ. 5000 ಎಂಎಎಚ್ ಬ್ಯಾಟರಿಯಲ್ಲಿ 6 ವೋಲ್ಟಿನ ಕಡೆ 10 ಆಂಪಿಯರ್ (ಬ್ಯಾಟರಿಯಿಂದ ಸುಮಾರು 6) ಎಳೆಯುವ ನಡಿಗೆಗೆ ಸುಮಾರು 40 ನಿಮಿಷ ಸಿಗುತ್ತದೆ. ಬೇಸಿಗೆಯಲ್ಲಿ ಓಡಿಸಿದ ಬಿಸಿ ಬ್ಯಾಟರಿಯನ್ನು ಕೂಡಲೇ ಚಾರ್ಜಿಗೆ ಹಾಕದೆ ಪೂರ್ತಿ ತಣ್ಣಗಾಗಲು ಬಿಡಬೇಕು.