ಹಿಂಬಾಗಿಲ ಬೀಗ ತೆಗೆಸಿದ್ದು: ಪಬ್ಬಿನ ಬೆಂಕಿ ಸುರಕ್ಷತೆ, ನನ್ನ ಅನುಭವ

ಬೆಂಗಳೂರಿನ ಪಬ್ಬುಗಳಲ್ಲಿ ಹಿಂಬಾಗಿಲಿಗೆ ಬೀಗ ಬೀಳುವುದು ಕಳ್ಳರ ಭಯಕ್ಕಲ್ಲ, ಬಿಲ್ಲಿನ ಭಯಕ್ಕೆ. ನಾಲ್ಕು ಜನ ಬಂದು ಕುಡಿದು, ತಿಂದು, ಒಬ್ಬೊಬ್ಬರಾಗಿ ಹಿಂದಿನ ಮೆಟ್ಟಿಲಿಂದ ಜಾರಿಕೊಂಡರೆ ಎಷ್ಟೋ ಕಡೆ ಆ ದುಡ್ಡು ವೇಟರ್ ಸಂಬಳದಲ್ಲಿ ಕಟ್. ಹಾಗಾಗಿ ಬೀಗ ಜಡಿಯುವವರು ಓನರ್ ಆಗಿರಬೇಕಿಲ್ಲ, ವೇಟರುಗಳೇ ಆಗಿರಬಹುದು. ಇದು ಗೊತ್ತಿಲ್ಲದೆ ‘ಎಕ್ಸಿಟ್ ತೆರೆದಿಡಿ’ ಅಂತ ಬೋರ್ಡ್ ಹಾಕಿದರೆ ಬೋರ್ಡ್ ಅದರ ಪಾಡಿಗೆ, ಬೀಗ ಅದರ ಪಾಡಿಗೆ.

ನಾನು ಎರಡನೇ ಮಹಡಿಯಲ್ಲಿರುವ ಒಂದು ಪಬ್ಬಿನ ಆಪರೇಷನ್ಸ್ ನೋಡಿಕೊಳ್ಳುತ್ತೇನೆ. ಹಳೇ ಕಟ್ಟಡ. ಕೆಳಗೆ ಅಂಗಡಿ, ನಡುವೆ ಜಿಮ್, ಮೇಲೆ ನಾವು. ಫೈರ್ ಸೇಫ್ಟಿ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಗೋಡೆಗೆ ನೇತುಹಾಕುವ ಕೆಂಪು ಸಿಲಿಂಡರ್. ಅದೇ ಸುಲಭದ ಕೆಲಸ. ದುಡ್ಡು ಕೊಟ್ಟರೆ ಸಂಜೆಯೊಳಗೆ ಬಂದು ಹಾಕಿ ಹೋಗುತ್ತಾರೆ. ಕಷ್ಟದ್ದು ಬಾಗಿಲು ಮತ್ತು ಸೀಲಿಂಗು.

ಓನರ್ ಹತ್ತಿರ ನಾನು ಸುರಕ್ಷತೆಯ ಭಾಷಣ ಮಾಡಲಿಲ್ಲ, ಲೆಕ್ಕ ತೋರಿಸಿದೆ. ನ್ಯಾಷನಲ್ ಬಿಲ್ಡಿಂಗ್ ಕೋಡ್ 2016ರ ಪ್ರಕಾರ ಮೆಟ್ಟಿಲಿನ ಅಗಲದಲ್ಲಿ ತಲೆಗೆ 10 ಮಿಲಿಮೀಟರ್ ಬೇಕು. ನಮ್ಮ ಮುಂದಿನ ಮೆಟ್ಟಿಲು ಒಂದೂವರೆ ಮೀಟರ್, ಅಂದರೆ 150 ಜನ. ಹಿಂದಿನದು ಒಂದು ಮೀಟರ್, ಅಂದರೆ 100. ಹಿಂಬಾಗಿಲಿಗೆ ಬೀಗ ಇದ್ದರೆ ಒಳಗೆ 150 ಜನ ಮಾತ್ರ ಇರಬೇಕು. ಬೀಗ ತೆಗೆದರೆ 250. ‘ಆ ಬೀಗ ನಿಮಗೆ ಶನಿವಾರ ರಾತ್ರಿ ನೂರು ಗಿರಾಕಿಗಳನ್ನ ನಷ್ಟ ಮಾಡ್ತಿದೆ ಸಾರ್’ ಅಂದೆ. ಅದು ತಟ್ಟಿತು. ಹೊಸ ಕಟ್ಟಡ ಕಟ್ಟುವವರಿಗೆ ಇಂಥ ಜಾಗಕ್ಕೆ ಇದಕ್ಕಿಂತ ಅಗಲದ ಮೆಟ್ಟಿಲು ಬೇಕು, ಅದು ಬೇರೆ ಮಾತು. ನಾನು ಹೇಳುತ್ತಿರುವುದು ಇರುವ ಕಟ್ಟಡದಲ್ಲಿ ಏನು ಮಾಡಿದೆ ಅಂತ.

ಬೀಗದ ಬದಲು ಪ್ಯಾನಿಕ್ ಬಾರ್ ಹಾಕಿಸಿದೆ. ಬಾಗಿಲಿನ ಅಡ್ಡಕ್ಕೆ ಸೊಂಟದೆತ್ತರದಲ್ಲಿ ಒಂದು ಸರಳು. ಒಳಗಿನಿಂದ ಮೈ ತಾಗಿದರೆ ಸಾಕು, ಹೊರಕ್ಕೆ ತೆರೆಯುತ್ತದೆ. ಹೊರಗಿನಿಂದ ತೆರೆಯುವುದಿಲ್ಲ. ಜೊತೆಗೆ ಬಾಗಿಲಿಗೆ ಒಂದು ಬಜ್ಜರ್. ಯಾರಾದರೂ ತೆಗೆದರೆ ಬಾರ್ ಕೌಂಟರಿನಲ್ಲಿ ಕಿರುಚಿಕೊಳ್ಳುತ್ತದೆ. ಬಿಲ್ ತಪ್ಪಿಸುವವರ ಸಮಸ್ಯೆಗೂ ಅಲ್ಲೇ ಪರಿಹಾರ ಸಿಕ್ಕಿತು. ಮುಖ್ಯವಾಗಿ, ಓಡಿಹೋದವರ ಬಿಲ್ಲನ್ನು ವೇಟರ್ ಸಂಬಳದಿಂದ ಹಿಡಿಯುವುದಿಲ್ಲ ಅಂತ ಓನರ್ ಬಾಯಲ್ಲಿ, ಎಲ್ಲರ ಮುಂದೆ, ಹೇಳಿಸಿದೆ. ಆ ಮಾತು ಬರದೇ ಇದ್ದಿದ್ದರೆ ಎರಡೇ ವಾರದಲ್ಲಿ ಪ್ಯಾನಿಕ್ ಬಾರಿಗೂ ಸರಪಳಿ ಬೀಳುತ್ತಿತ್ತು.

ಆದರೆ ಬಾಗಿಲು ತೆರೆದಿದ್ದರೆ ಸಾಲದು. ಹಿಂದಿನ ಮೆಟ್ಟಿಲು ಅಂದರೆ ನಮ್ಮಲ್ಲಿ ಗೋಡೌನ್ ಇದ್ದ ಹಾಗೆ. ಖಾಲಿ ಬಿಯರ್ ಕ್ರೇಟು, ಕೆಗ್ಗು, ಮುರಿದ ಕುರ್ಚಿ, ಹೋದ ವರ್ಷದ ಕ್ರಿಸ್ಮಸ್ ಅಲಂಕಾರ. ಖಾಲಿ ಮಾಡಿಸುವುದು ಒಂದು ದಿನದ ಕೆಲಸ, ಖಾಲಿ ಇಡುವುದು ದಿನಾ ಕೆಲಸ. ಹಾಗಾಗಿ ಸಂಜೆ ಗೇಟ್ ತೆಗೆಯುವ ಮೊದಲು ಫ್ಲೋರ್ ಮ್ಯಾನೇಜರ್ ಹಿಂದಿನ ಮೆಟ್ಟಿಲಲ್ಲೇ ಇಳಿದು, ರಸ್ತೆಗೆ ಬಂದು, ಮುಂದಿನ ಮೆಟ್ಟಿಲು ಹತ್ತಿ ಬರಬೇಕು ಅಂತ ಮಾಡಿದೆ. ರಿಜಿಸ್ಟರ್ ಸಹಿಗಿಂತ ಇದು ವಾಸಿ. ಸಹಿ ಕುಳಿತಲ್ಲೇ ಹಾಕಬಹುದು, ಕ್ರೇಟು ದಾಟಿ ಇಳಿಯಲಾಗುವುದಿಲ್ಲ.

ಇನ್ನೊಂದು ವಿಷಯ. ಜನ ಬಂದ ಬಾಗಿಲಲ್ಲೇ ವಾಪಸ್ ಹೋಗಲು ನೋಡುತ್ತಾರೆ. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡಿನ ಸ್ಟೇಷನ್ ನೈಟ್‌ಕ್ಲಬ್ಬಿನಲ್ಲಿ 100 ಜನ ಸತ್ತರು. ವೇದಿಕೆಯ ಕಿಡಿ ಪಟಾಕಿ ಗೋಡೆಯ ಫೋಮಿಗೆ ಹತ್ತಿತು. ಬೇರೆ ದಾರಿಗಳಿದ್ದರೂ ಜನ ಮುಂಬಾಗಿಲಿಗೇ ನುಗ್ಗಿದರು. ಎರಡು ನಿಮಿಷ ಆಗುವ ಮೊದಲೇ ಅಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ದಾರಿ ಕಟ್ಟಿಕೊಂಡಿತು. ಅದಾದ ಮೇಲೆ ಬೆಂಕಿ ಸುರಕ್ಷತೆಯ ನಿಯಮ ರೂಪಿಸುವ ಅಮೆರಿಕದ ಸಂಸ್ಥೆ ಎನ್‌ಎಫ್‌ಪಿಎ ತನ್ನ ನಿಯಮ ಬದಲಾಯಿಸಿ, 250 ಜನಕ್ಕೊಬ್ಬ ತರಬೇತಿ ಪಡೆದ ಕ್ರೌಡ್ ಮ್ಯಾನೇಜರ್ ಇರಬೇಕು ಅಂದಿತು. ನಮ್ಮಲ್ಲಿ ಅಂಥ ಹುದ್ದೆ ಇಲ್ಲ, ಬೌನ್ಸರುಗಳಿದ್ದಾರೆ. ಅವರಿಗೆ ಕಲಿಸಿರುವುದು ಒಳಗೆ ಬಿಡದಿರುವುದನ್ನು, ಹೊರಗೆ ಕಳಿಸುವುದನ್ನಲ್ಲ. ಈಗ ಹಿಂಬಾಗಿಲಿನ ಹತ್ತಿರ ಯಾವಾಗಲೂ ಒಬ್ಬ ಬೌನ್ಸರ್ ಇರುತ್ತಾನೆ, ಕೈಯಲ್ಲಿ ದೊಡ್ಡ ಟಾರ್ಚ್. ಅಲಾರಂ ಬಂದರೆ ಅವನ ಕೆಲಸ ಒಂದೇ: ಬಾಗಿಲು ತೆಗೆದು ಹಿಡಿದು, ಟಾರ್ಚ್ ಆಡಿಸುತ್ತಾ ‘ಇಲ್ಲಿ ಬನ್ನಿ’ ಅಂತ ಕೂಗುವುದು.

ಕೂಗಿದ್ದು ಕೇಳಬೇಕಲ್ವಾ? ಡಿಜೆ ನಡೆಯುವಾಗ ಫೈರ್ ಅಲಾರಂ ಯಾರಿಗೂ ಕೇಳುವುದಿಲ್ಲ. ಎಲೆಕ್ಟ್ರಿಷಿಯನ್ ಹತ್ತಿರ ಅಲಾರಂ ಪ್ಯಾನೆಲ್ಲಿಂದ ಒಂದು ರಿಲೇ (ತಾನಾಗೇ ಕೆಲಸ ಮಾಡುವ ಸ್ವಿಚ್) ಎಳೆಸಿ ಆಂಪ್ಲಿಫೈಯರ್ ಲೈನಿಗೆ ಕೊಡಿಸಿದೆ. ಅಲಾರಂ ಬಂದ ತಕ್ಷಣ ಮ್ಯೂಸಿಕ್ ಕಟ್, ಬಿಳಿ ಲೈಟುಗಳೆಲ್ಲ ಆನ್. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನದು ಇದೇ, ನನ್ನ ಪ್ರಕಾರ ಅತಿ ಉಪಯೋಗದ್ದೂ ಇದೇ. ಡಿಜೆಗೆ ಮಾತ್ರ ಸಿಟ್ಟು. ಹೊಗೆ ಯಂತ್ರದ ಮಂಜಿಗೆ ಡಿಟೆಕ್ಟರ್ ಹೊಡೆದುಕೊಂಡು ಹಾಡಿನ ನಡುವೆ ಸ್ತಬ್ಧವಾಗುತ್ತಿತ್ತು. ಡಿಟೆಕ್ಟರ್ ಮೇಲೆ ಟೇಪ್ ಹಚ್ಚಿ ಅಂದ. ಟೇಪ್ ಹಚ್ಚಲಿಲ್ಲ. ಡ್ಯಾನ್ಸ್ ಫ್ಲೋರ್ ಮೇಲಿದ್ದ ಸ್ಮೋಕ್ ಡಿಟೆಕ್ಟರ್ ಬದಲು ಅಲ್ಲಿ ಶಾಖಕ್ಕೆ ಸ್ಪಂದಿಸುವುದನ್ನು ಹಾಕಿಸಿ, ಮಂಜಿನ ಯಂತ್ರದ ಬಳಕೆ ಕಮ್ಮಿ ಮಾಡಿಸಿದೆ. ಸ್ಮೋಕ್ ಡಿಟೆಕ್ಟರ್ ಬೇರೆ ಕಡೆಯೆಲ್ಲ ಹಾಗೇ ಇವೆ.

ಈಗ ಸೀಲಿಂಗಿಗೆ ಬರೋಣ. ಶಬ್ದ ಹೊರಗೆ ಹೋದರೆ ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡುತ್ತಾರೆ ಅಂತ ಸೀಲಿಂಗಿಗೂ ಡಿಜೆ ಹಿಂದಿನ ಗೋಡೆಗೂ ಬೂದು ಬಣ್ಣದ ಫೋಮ್ ಅಂಟಿಸಿದ್ದರು, ಮೊಟ್ಟೆ ಟ್ರೇ ಥರ ಉಬ್ಬುತಗ್ಗಿನದು. ಹಾಕಿಕೊಟ್ಟ ಇಂಟೀರಿಯರ್‌ನವನು ‘ಫೈರ್ ಪ್ರೂಫ್ ಸಾರ್’ ಅಂತ ಕಾಗದ ಕೂಡ ಕೊಟ್ಟಿದ್ದ. ಒಂದು ಮಧ್ಯಾಹ್ನ ಅಂಗೈ ಅಗಲದ ತುಂಡು ಕತ್ತರಿಸಿ ಪಾರ್ಕಿಂಗಿನಲ್ಲಿ, ನೀರಿನ ಬಕೆಟ್ ಪಕ್ಕದಲ್ಲಿಟ್ಟುಕೊಂಡು, ಇಕ್ಕಳದಲ್ಲಿ ಹಿಡಿದು ಲೈಟರ್ ತೋರಿಸಿದೆ. ಓನರನ್ನೂ ಕರೆದಿದ್ದೆ. ಉರಿ ಮುಟ್ಟಿದ ತಕ್ಷಣ ಹತ್ತಿತು. ಲೈಟರ್ ತೆಗೆದರೂ ಆರಲಿಲ್ಲ. ಕರಗಿ, ಉರಿಯುವ ಹನಿಗಳಾಗಿ ನೆಲಕ್ಕೆ ತೊಟ್ಟಿಕ್ಕಿತು. ಅಷ್ಟು ಚಿಕ್ಕ ತುಂಡಿನಿಂದ ಬಂದ ಕಪ್ಪು ಹೊಗೆಗೆ ಸೆಕ್ಯುರಿಟಿಯವನು ಕೆಮ್ಮುತ್ತಾ ದೂರ ಹೋದ. ಓನರ್ ಆ ದಿನ ಜಾಸ್ತಿ ಮಾತಾಡಲಿಲ್ಲ. ಬ್ರೆಜಿಲಿನ ಸಾಂತಾ ಮರಿಯಾದ ಕಿಸ್ ನೈಟ್‌ಕ್ಲಬ್ಬಿನಲ್ಲಿ 2013ರಲ್ಲಿ 242 ಜನ ಸತ್ತಿದ್ದು ಇಂಥದೇ ಫೋಮಿನ ಹೊಗೆಯಿಂದ. ಉರಿದರೆ ಇದರಿಂದ ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಸೈನೈಡ್ ಅನಿಲವೂ ಬರುತ್ತದೆ.

ಫೋಮ್ ಕಿತ್ತು ರಾಕ್‌ವೂಲ್ ಪ್ಯಾನೆಲ್ ಹಾಕಿಸಿದೆವು. ಕಲ್ಲಿನ ನಾರು, ಉರಿಯುವುದಿಲ್ಲ. ಖರ್ಚು ಜಾಸ್ತಿ. ಒಂದು ವಾರ ಮುಚ್ಚಬೇಕಾಯಿತು. ಪ್ಯಾನೆಲ್ ಮೇಲೆ ಹೊದಿಸುವ ಬಟ್ಟೆಯ ತುಂಡನ್ನೂ ಪಾರ್ಕಿಂಗಿಗೆ ಒಯ್ದು ಸುಟ್ಟು ನೋಡಿದ ಮೇಲೆಯೇ ಒಪ್ಪಿದ್ದು. ಸೀಲಿಂಗ್ ಬಿಚ್ಚಿದಾಗ ಇನ್ನೊಂದು ಕಂಡಿತು: ವೈರುಗಳು ಹೋಗುವ ಎಲೆಕ್ಟ್ರಿಕಲ್ ಡಕ್ಟ್ ಕೆಳಗಿನಿಂದ ಮೇಲಿನವರೆಗೂ ಎಲ್ಲೂ ಮುಚ್ಚದೆ ಪೂರ್ತಿ ತೆರೆದಿತ್ತು. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರಲ್ಲ, ಅಲ್ಲಿ ಹೊಗೆ ಮೇಲೇರಿದ್ದು ಇಂಥದೇ ಡಕ್ಟಿನಲ್ಲಿ. ಉಸಿರುಗಟ್ಟಿ ಕಿಟಕಿಯಿಂದ ಹಾರಿದವರೂ ಇದ್ದರು. ನಮ್ಮ ಮಹಡಿಯ ಮಟ್ಟದಲ್ಲಿ ಡಕ್ಟನ್ನು ಫೈರ್ ಸೀಲೆಂಟ್ ಹಾಕಿ ಮುಚ್ಚಿಸಿದೆ.

ಕಿಚನ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. 19 ಕೆಜಿ ಸಿಲಿಂಡರುಗಳು ಒಳಗೆ ಬೇಡ, ಕೆಳಗೆ ಬಯಲಲ್ಲಿ ಇರಲಿ. ಗ್ಯಾಸ್ ಬಂದ್ ಮಾಡುವ ವಾಲ್ವ್ ಕಿಚನ್ ಬಾಗಿಲ ಹೊರಗಿರಲಿ, ಉರಿಯ ನಡುವೆ ಕೈ ಹಾಕುವಂತಿರಬಾರದು. ಫ್ರೈಯರ್ ಪಕ್ಕ ಎಣ್ಣೆ ಬೆಂಕಿಗೆ ಆಗುವ ವೆಟ್ ಕೆಮಿಕಲ್ ಎಕ್ಸ್‌ಟಿಂಗ್ವಿಷರ್ ಇರಲಿ.

ಡ್ರಿಲ್ ಮಾಡಿಸುವಾಗ ಭಾಷೆ ತೊಡಕಾಯಿತು. ನಮ್ಮ ಹುಡುಗರು ಅಸ್ಸಾಂ, ಒಡಿಶಾ, ನೇಪಾಳ, ಹಾಸನ, ರಾಯಚೂರು ಎಲ್ಲ ಕಡೆಯವರು. ಉದ್ದದ ಸೂಚನೆ ಬೇಡ ಅಂತ ಬಿಟ್ಟು, ಒಬ್ಬೊಬ್ಬರಿಗೆ ಒಂದೊಂದೇ ಕೆಲಸ ಕೊಟ್ಟೆ. ಒಬ್ಬ ಗ್ಯಾಸ್, ಒಬ್ಬ 112ಕ್ಕೆ ಫೋನ್, ಒಬ್ಬ ಟಾಯ್ಲೆಟ್ ನೋಡುವುದು. ಟಾಯ್ಲೆಟ್ ಯಾಕೆ ಅಂತ ಎಲ್ಲರೂ ನಕ್ಕರು. 2017ರ ಡಿಸೆಂಬರಿನಲ್ಲಿ ಮುಂಬೈ ಕಮಲಾ ಮಿಲ್ಸ್‌ನ ಪಬ್ಬುಗಳ ಬೆಂಕಿಯಲ್ಲಿ ಸತ್ತ 14 ಜನರಲ್ಲಿ ಹೆಚ್ಚಿನವರು ಬೆಂಕಿ ತಪ್ಪಿಸಿಕೊಳ್ಳಲು ಟಾಯ್ಲೆಟ್ಟಿಗೆ ಹೋದವರು ಅಂದ ಮೇಲೆ ನಗಲಿಲ್ಲ. ರಾತ್ರಿ ಯಾರೂ ಒಳಗೆ ಮಲಗುವಂತಿಲ್ಲ ಅಂತಲೂ ಅದೇ ದಿನ ನಿಯಮ ಮಾಡಿದೆ, ಅವರಿಗೆ ಬೇರೆ ರೂಮು ಹಿಡಿದುಕೊಟ್ಟು. 2018ರ ಜನವರಿಯಲ್ಲಿ ಕಲಾಸಿಪಾಳ್ಯದ ಬಾರೊಂದರಲ್ಲಿ ಮಲಗಿದ್ದ 5 ಕೆಲಸಗಾರರು ಬೆಂಕಿಗೆ ಸಿಕ್ಕಿ ಸತ್ತರು. 2025ರ ಡಿಸೆಂಬರಿನಲ್ಲಿ ಗೋವಾದ ಅರ್ಪೋರಾ ಕ್ಲಬ್ಬಿನಲ್ಲಿ ಸತ್ತ 25 ಜನರಲ್ಲೂ ಹೆಚ್ಚಿನವರು ಕೆಲಸಗಾರರೇ. ಗಿರಾಕಿ ಗಿರಾಕಿ ಅಂತ ಯೋಚಿಸುವಾಗ ಇದನ್ನು ಮರೆತೇಬಿಡುತ್ತೇವೆ.

ಜಾಸ್ತಿ ಜಗಳ ಆಗಿದ್ದು ಬರ್ತ್‌ಡೇ ವಿಷಯಕ್ಕೆ. ಕೇಕಿನ ಮೇಲೆ ಕಿಡಿ ಚಿಮ್ಮುವ ಕ್ಯಾಂಡಲ್, ಬಾಟಲಿಗೆ ಸಿಕ್ಕಿಸುವ ಸುರುಸುರುಬತ್ತಿ, ಎರಡನ್ನೂ ನಿಲ್ಲಿಸಿದೆ. ‘ಪಕ್ಕದ ಪಬ್ಬಲ್ಲಿ ಬಿಡ್ತಾರೆ’ ಅಂತ ಇವತ್ತಿಗೂ ಕೇಳಬೇಕು. ಬ್ಯಾಟರಿಯಲ್ಲಿ ಮಿನುಗುವ ಎಲ್‌ಇಡಿ ಕಡ್ಡಿ ಕೊಡುತ್ತೇವೆ. ರೀಲ್ಸ್‌ನಲ್ಲಿ ಅದೂ ಚೆನ್ನಾಗೇ ಕಾಣುತ್ತದೆ. ಸಿಟ್ಟು ಮಾಡಿಕೊಂಡು ಎದ್ದುಹೋದವರೂ ಇದ್ದಾರೆ, ಹೋಗಲಿ.

ಸ್ಪ್ರಿಂಕ್ಲರ್ ಇನ್ನೂ ಆಗಿಲ್ಲ. ಟ್ಯಾಂಕು, ಪಂಪು, ಪೈಪು ಎಲ್ಲ ಕಟ್ಟಡಕ್ಕೇ ಸೇರಿದ್ದು, ನಾವು ಬಾಡಿಗೆದಾರರು. ಕಟ್ಟಡದ ಮಾಲೀಕರು, ಜಿಮ್‌ನವರು, ನಾವು ಮೂವರೂ ಖರ್ಚು ಹಂಚಿಕೊಳ್ಳುವ ಮಾತು ನಡೆಯುತ್ತಿದೆ. ಅಷ್ಟರಲ್ಲಿ ಜಿಮ್‌ನವರು ತಮ್ಮ ಹಳೇ ಟ್ರೆಡ್‌ಮಿಲ್ ಒಂದನ್ನು ಹಿಂದಿನ ಮೆಟ್ಟಿಲ ತಿರುವಿಗೆ ತಂದಿಟ್ಟಿದ್ದಾರೆ. ಸದ್ಯಕ್ಕೆ ಅದರ ಹಿಂದೆ ಬಿದ್ದಿದ್ದೇನೆ.